ಖರೇ ಎಷ್ಟು ಕೊಟ್ಟಿತು

ರಘೋತ್ತಮ ಸಾಹೇಬರ ಗಾಡಿಯನ್ನು ನಾನು ಮೊದಲ ಸಲ ಮಂಗೋರ್ ಹಿಲ್ಲಿನ ಏರು ಹತ್ತಿಸಿದ ದಿನ ಗೋವಾದ ವಾಸ್ಕೋ ಬಂದರಿನಲ್ಲಿ ನಿಂತಿದ್ದ ಹಡಗುಗಳು ಎರಡು ಮಾರು ಹಿಂದಕ್ಕೆ ಸರಿದವು. ನೋಡಿದವರು ಇದ್ದಾರೆ. ಗಾಡಿಯ ಕಂಪನಿ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನನ್ನನ್ನು ಜಾಹೀರಾತಿಗೆ ಕರೆದಾರು. ಆನೆಯ ಎತ್ತರ, ಬಾವಿಯಂಥ ಹೊಟ್ಟೆ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಒಮ್ಮೆ ವಾಳಪೈ ಕಾಡಿನಲ್ಲಿ ಅದನ್ನು ಒಂದು ಹೊಳೆ ದಾಟಿಸಿದೆ. ದಾಟಿ ತಿರುಗಿ ನೋಡಿದರೆ ಹೊಳೆಯಲ್ಲಿ ನೀರೇ ಇಲ್ಲ, ಎಲ್ಲ ಗಾಲಿಗೆ ಅಂಟಿಕೊಂಡು ಈಚೆ ದಡಕ್ಕೆ ಬಂದಿತ್ತು.

ಸಾಹೇಬರು ಧಾರವಾಡದವರು. ಮಡಗಾಂವಿನಲ್ಲಿ ಮನೆ, ಔಷಧಿ ಮಾಡುವ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ. ಕಾಡು ಗುಡ್ಡ ಅಲೆಯಬೇಕೆಂದು ಆ ಗಾಡಿ ಕೊಂಡರು. ಕಾಡಿಗೆ ಹೋಗುತ್ತಿದ್ದದ್ದು ವರ್ಷಕ್ಕೆ ಒಂದು ಸಲ. ಉಳಿದ ದಿನ ಅದು ಮಾರ್ಕೆಟ್ಟಿಗೆ ಹೋಗಿ ಒಂದು ಸಿವುಡು ಕೊತ್ತಂಬರಿ ಹೊತ್ತು ತರುತ್ತಿತ್ತು. ವಾರಕ್ಕೆ ಅರವತ್ತು ಕಿಲೋಮೀಟರ್, ಅಷ್ಟೇ ಅದರ ಶೌರ್ಯ. ಡೀಸೆಲ್ ತೋರಿಸುವ ಮುಳ್ಳು ಎರಡು ಮಳೆಗಾಲದ ಹಿಂದೆಯೇ ಅರ್ಧಕ್ಕೆ ಸಿಕ್ಕಿಕೊಂಡು ಕೂತಿತ್ತು. ಸಾಹೇಬರು ಅದನ್ನು ರಿಪೇರಿ ಮಾಡಿಸಲಿಲ್ಲ. ಅವರಿಗೆ ಮುಳ್ಳಿಗಿಂತ ತಮ್ಮ ಡೈರಿಯ ಮೇಲೆ ನಂಬಿಕೆ. ಟಾಕಿ ತುಂಬಿಸಿದ ದಿನ, ಓಡಿದ ದೂರ, ಉಳಿದ ಡೀಸೆಲ್, ಎಲ್ಲ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಇರುತ್ತಿತ್ತು.

ನಾನು ಕೆಲಸ ಕೇಳಲು ಹೋದ ದಿನ ಅವರು ಲೈಸೆನ್ಸ್ ನೋಡಲಿಲ್ಲ, ಯಾವ ಊರು ಎಂದು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಗುರುಲಿಂಗ, ನಿನ್ನ ಕೈಯಾಗ ಇದು ಎಷ್ಟು ಎವರೇಜ್ ಕೊಡತದ?"

ಕಂಪನಿಯ ಕಾಗದದಲ್ಲಿ ಲೀಟರಿಗೆ ಹನ್ನೊಂದು ಕಿಲೋಮೀಟರ್ ಎಂದು ಬರೆದಿತ್ತು. ನನಗಿಂತ ಮೊದಲಿದ್ದ ಡ್ರೈವರ್ ಪಾಂಡು ಏಳು ಎಂದು ಹೇಳಿ ಕೆಲಸ ಕಳೆದುಕೊಂಡಿದ್ದ. ನಾನು ಕಾಗದಕ್ಕಿಂತ ಒಂದು ಹೆಚ್ಚಿಗೆ ಇಟ್ಟೆ. ಹನ್ನೆರಡು ಅಂದೆ. ಸಾಹೇಬರು ಆ ಕ್ಷಣವೇ ಕೀಲಿ ನನ್ನ ಕೈಗೆ ಹಾಕಿದರು.

ಮೊದಲ ವಾರ ಅಳೆದು ನೋಡಿದೆ. ಆರು ಪಾಯಿಂಟ್ ಎರಡು. ಎಸಿ ಬಂದ್ ಮಾಡಿದೆ, ಗಾಲಿಗೆ ಬಿಗಿಯಾಗಿ ಗಾಳಿ ಹೊಡೆಸಿದೆ, ಇಳಿಜಾರು ಕಂಡಲ್ಲಿ ಎಂಜಿನ್ ಆರಿಸಿ ಉರುಳಿಸಿದೆ, ಉಸಿರು ಕೂಡ ಅಳೆದು ಬಿಟ್ಟೆ. ಆರು ಪಾಯಿಂಟ್ ಎರಡು. ಇಷ್ಟು ಹಟದ ಪ್ರಾಣಿಯನ್ನು ನಾನು ಕಂಡಿಲ್ಲ, ನನ್ನನ್ನು ಬಿಟ್ಟರೆ.

ಆಗ ನಾನು ಮಾಡಿದ್ದನ್ನು ಈ ಭೂಮಿಯ ಮೇಲೆ ಇನ್ನೊಬ್ಬ ಡ್ರೈವರ್ ಮಾಡಿರಲಾರ. ಎಲ್ಲರೂ ಮಾಲೀಕರ ಟಾಕಿಯಿಂದ ಡೀಸೆಲ್ ತೆಗೆಯುತ್ತಾರೆ. ನಾನು ಹಾಕಿದೆ. ಪ್ರತಿ ಶನಿವಾರ ಗಾಡಿ ತೊಳೆಸುವ ನೆಪದಲ್ಲಿ ಹೊರಗೆ ಒಯ್ದು, ನನ್ನ ಕೈಯಿಂದ ಕೊಂಡ ಐದು ಲೀಟರಿನ ಕ್ಯಾನನ್ನು ಕಳ್ಳನ ಹಾಗೆ ಅತ್ತಿತ್ತ ನೋಡಿ ಟಾಕಿಗೆ ಸುರಿದುಬಿಡುತ್ತಿದ್ದೆ. ಅರವತ್ತು ಕಿಲೋಮೀಟರಿಗೆ ಐದು ಲೀಟರ್ ಸೇರಿಸಿದರೆ ಆರು ಹೋಗಿ ಹನ್ನೆರಡು ಆಗುತ್ತದೆ. ಹೀಗೆ ಮೂರು ವರ್ಷ. ಸಾಹೇಬರು ನನ್ನನ್ನು ತಮ್ಮ ಗೆಳೆಯರ ಮುಂದೆ ನಿಲ್ಲಿಸಿ, ಇವನ ಕಾಲಿನಲ್ಲಿ ಜಾದು ಅದ ಎಂದು ಹೇಳುತ್ತಿದ್ದರು. ಸಾಹೇಬರ ಕೆಲಸ ಇಲ್ಲದ ದಿನ ಬಂದರಿನಲ್ಲಿ ಲಾರಿ ಓಡಿಸಿ ದುಡಿದದ್ದು ಆ ಜಾದುವಿನ ಹೊಟ್ಟೆಗೆ ಹೋಗುತ್ತಿತ್ತು. ಮದುವೆ ಮುಂದಕ್ಕೆ ಹೋಯಿತು. ಹೋಗಲಿ, ನನ್ನನ್ನು ಕೇಳಿಕೊಂಡು ಬಂದ ಮುನ್ನೂರು ಹೆಣ್ಣುಗಳಲ್ಲಿ ಒಬ್ಬಳನ್ನು ಆರಿಸುವುದೂ ಕಷ್ಟವೇ ಇತ್ತು.

ನಿಜವಾದ ಲೆಕ್ಕ ಒಬ್ಬರಿಗೇ ಗೊತ್ತು. ನನ್ನ ಅವ್ವ ಬಾಳಮ್ಮನಿಗೆ. ಮಂಗೋರ್ ಹಿಲ್ಲಿನ ಒಂದೇ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಅವಳು ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತವಳು; ವಾಸ್ಕೋದ ಅರ್ಧ ಕಟ್ಟಡಗಳು ಅವಳ ತಲೆಯ ಮೇಲಿಂದಲೇ ಮೇಲಕ್ಕೆ ಹೋಗಿವೆ. ಇದೊಂದನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ನನ್ನ ಅಂಗಿ ಒಗೆಯುವಾಗ ಡೀಸೆಲ್ ವಾಸನೆ ಹಿಡಿದು ಎಲ್ಲ ಬಾಯಿ ಬಿಡಿಸಿದಳು. ಬೈಯುತ್ತಾಳೆಂದು ಕೂತರೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಲ್ಲರ ಮಕ್ಕಳು ಹೊರಗಿನಿಂದ ತಂದು ಮನೆಗೆ ಹಾಕುತ್ತಾರೆ, ನನ್ನ ಮಗ ಮನೆಯಿಂದ ಒಯ್ದು ಗಾಡಿಗೆ ಹಾಕುತ್ತಾನೆ ಎಂದಳು. ಅವತ್ತಿನಿಂದ ಪ್ರತಿ ಶನಿವಾರ ಸಂಜೆ, ನಾನು ಖಾಲಿ ಕ್ಯಾನು ಹಿಡಿದು ಬಾಗಿಲಿಗೆ ಬಂದರೆ, ಮಂಚದ ಮೇಲಿಂದ ಒಂದೇ ಪ್ರಶ್ನೆ.

"ಖರೇ ಎಷ್ಟು ಕೊಟ್ಟಿತೋ?"

ಅವಳಿಗೆ ಮಾತ್ರ ಸಣ್ಣ ಅಂಕಿ ಹೇಳುತ್ತಿದ್ದೆ. ಆರು ಪಾಯಿಂಟ್ ಒಂದು. ಆರು ಪಾಯಿಂಟ್ ಮೂರು. ಮಳೆಗಾಲದಲ್ಲಿ ಐದು ಪಾಯಿಂಟ್ ಒಂಬತ್ತು. ಅವಳು ಹೂಂ ಎಂದು ರೊಟ್ಟಿ ಬಡಿಯಲು ಏಳುತ್ತಿದ್ದಳು.

ಡಿಸೆಂಬರಿನಲ್ಲಿ ಅವ್ವ ಆಸ್ಪತ್ರೆ ಸೇರಿದಳು. ಸಾಹೇಬರು ಟಾಕಿ ಗಂಟಲಮಟ ತುಂಬಿಸಿ, ಅರವತ್ತು ಲೀಟರ್, ಗಾಡಿಯನ್ನು ನನಗೇ ಬಿಟ್ಟರು. ಹನ್ನೆರಡು ದಿನ ಅದು ಮಂಗೋರ್ ಹಿಲ್ಲಿನಲ್ಲಿ ಅಕ್ಕ ಅಂಬಿಕಾಳ ಮನೆಯ ಕೆಳಗೆ ನಿಂತಿತ್ತು. ಆಸ್ಪತ್ರೆಗೆ ಹೋಗಿ ಬಂದು ಇನ್ನೂರ ಎಪ್ಪತ್ತು ಕಿಲೋಮೀಟರ್ ಓಡಿತು. ಎಷ್ಟು ಓಡಿತೆಂದು ಸಾಹೇಬರಿಗೆ ಫೋನಿನಲ್ಲಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಕ್ಯಾನು ತುಂಬಿಸಲು ನನಗೆ ನೆನಪೂ ಇರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ.

ಶುಕ್ರವಾರ ಬೆಳಗಿನ ಜಾವ ಅವ್ವ ಹೋದಳು.

ಎಲ್ಲದರಲ್ಲೂ ಒಂದು ಕೈ ಹೆಚ್ಚೇ ಇರುವ ನಾನು, ಗುಡ್ಡವೇ ನಡುಗುವ ಹಾಗೆ ಅತ್ತೇನು ಎಂದು ಜನ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಏನೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚುಚ್ಚಿದರೂ ಗೊತ್ತಾಗುವುದಿಲ್ಲ, ಮೈಯೆಲ್ಲ ಹಾಗಿತ್ತು. ಯಾರೋ ಚಹಾ ಕೊಟ್ಟರು, ಕುಡಿದೆ. ಬಿಸಿ ಇತ್ತೋ ಆರಿತ್ತೋ ತಿಳಿಯಲಿಲ್ಲ.

ಅವ್ವನ ಆಸೆ ಒಂದೇ ಇತ್ತು. ಸವದತ್ತಿ ಹತ್ತಿರದ ನಮ್ಮೂರಿನಲ್ಲಿ, ಅಪ್ಪನ ಮಗ್ಗುಲಿಗೆ ಮಣ್ಣಾಗಬೇಕು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಕುಣಿಗೆ ಇಳಿಸುವುದಿಲ್ಲ, ಮರುದಿನದವರೆಗೆ ಕಾಯಬೇಕು. ಆಗಲೇ ಹನ್ನೆರಡು ದಿನ ಬೇರೆಯವರ ಮಂಚದ ಮೇಲೆ ಮಲಗಿದ್ದಾಳೆ, ಇವತ್ತೇ ಅವಳ ಜಾಗಕ್ಕೆ ಮುಟ್ಟಿಸಬೇಕು ಎಂದು ಅಕ್ಕ ಹೇಳಿದಳು. ಇನ್ನೊಂದನ್ನೂ ಹೇಳಿದಳು: ಮನೆಯಿಂದ ಎತ್ತಿದ ಮೇಲೆ ಊರ ಸೀಮೆ ಮುಟ್ಟುವವರೆಗೆ ಗಾಡಿ ನಡುವೆ ಎಲ್ಲೂ ನಿಲ್ಲಬಾರದು, ನಿಂತರೆ ಅವ್ವನ ಜೀವ ಅಲ್ಲಿಯೇ ಸುಳಿದಾಡುತ್ತದೆ.

ಸಾಹೇಬರು ತಾವೇ ಮಡಗಾಂವಿನಿಂದ ಬಂದಿದ್ದರು, ನಾನೂ ಬರುತ್ತೇನೆ ಎಂದರು. ಹಿಂದಿನ ಸೀಟು ಮಡಚಿ ಅವ್ವನನ್ನು ಮಲಗಿಸಿದೆವು. ಪಕ್ಕದಲ್ಲಿ ಅಕ್ಕ, ಅವಳ ಗಂಡ ಹುಲಿಗೆಪ್ಪ ಮಾವ. ಉಳಿದವರು ಬಸ್ಸು ಹಿಡಿದರು. ನೆರೆಮನೆಯ ಚಾಂದಿಬಾಯಿ ಗಾಡಿಯಲ್ಲಿ ಎಣ್ಣೆ ಐತೇನು ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಸಾಹೇಬರು ಡೈರಿ ತೆರೆದಿದ್ದರು.

"ಮೂವತ್ತೇಳು ಲೀಟರ್ ಅದವ್ವ. ನಮ್ಮ ಗುರುಲಿಂಗನ ಕೈಯಾಗ ಇದು ಹನ್ನೆರಡು ಕೊಡತದ. ಊರು ಮುಟ್ಟಿ ಅರ್ಧ ದಾರಿ ವಾಪಸ್ ಬರಬಹುದು. ಎಲ್ಲೂ ನಿಲ್ಲೂದು ಬ್ಯಾಡ."

ಗುಡ್ಡದ ಜನವೆಲ್ಲ ನನ್ನನ್ನು ನೋಡಿತು. ಎರಡು ಸಾವಿರ ಜನ. ಆಯಿತು, ಇನ್ನೂರು. ಟಾಕಿಯಲ್ಲಿ ಇದ್ದದ್ದು ಹದಿನಾರೂವರೆ ಲೀಟರ್. ಅದು ನನಗೆ ನನ್ನ ಹೆಸರಿನಷ್ಟೇ ಗೊತ್ತಿತ್ತು. ನಾನು ಗಾಡಿ ಚಾಲೂ ಮಾಡಿದೆ.

ದಾರಿಯಲ್ಲಿ ಏನಾದರೂ ನೆಪ ಹೇಳಿ ಪಂಪಿಗೆ ತಿರುಗಿಸಿದರಾಯಿತು ಎಂದುಕೊಂಡಿದ್ದೆ. ನೆಪ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಮೊದಲ ಪಂಪು ಬಂತು, ಹೋಯಿತು. ಎರಡನೆಯದು ಬಂತು. ಕೈಗೆ ತಿರುಗಿಸು ಎಂದು ಹೇಳಿದೆ, ಕೈ ಕೇಳಲಿಲ್ಲ. ಮೂರನೆಯದಕ್ಕೆ ಹೇಳಲೂ ಇಲ್ಲ. ಹಿಂದೆ ಅಕ್ಕ ಅವ್ವನ ಮುಖದ ಮೇಲಿನ ಬಟ್ಟೆ ಸರಿಪಡಿಸುತ್ತಿದ್ದಳು. ನಾನು ಅವ್ವನನ್ನು ನೆನೆಯುತ್ತಿರಲಿಲ್ಲ. ಕಿಲೋಮೀಟರ್ ಎಣಿಸುತ್ತಿದ್ದೆ. ಚೋರ್ಲಾ ಘಟ್ಟದ ತಿರುವುಗಳನ್ನು ಹತ್ತುವಾಗ ಇನ್ನು ಎರಡು ಲೀಟರ್, ಇನ್ನು ಒಂದು ಎಂದು ಒಳಗೇ ಇಳಿಸುತ್ತ ಹೋದೆ. ಘಟ್ಟ ಏರಿ, ಗೋವಾ ದಾಟಿ, ಕನ್ನಡದ ಕಲ್ಲುಗಳು ಶುರುವಾದ ಮೇಲೆ ಎಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಸುಮ್ಮನಾಯಿತು. ಪಕ್ಕದ ಕಲ್ಲಿನ ಮೇಲೆ 'ಬೆಳಗಾವಿ 46' ಎಂದಿತ್ತು. ಹಗಲು ಹನ್ನೆರಡೂವರೆ.

ಸಾಹೇಬರು ಮೀಟರ್ ನೋಡಿದರು, ಡೈರಿ ನೋಡಿದರು. ನೂರ ಎರಡು ಕಿಲೋಮೀಟರ್ ಬಂದಿದ್ದೇವೆ, ಇನ್ನೂ ಇಪ್ಪತ್ತೊಂಬತ್ತು ಲೀಟರ್ ಇರಬೇಕು. ಇಳಿದು ಟಾಕಿಯ ಕೆಳಗೆ ಬಗ್ಗಿ ನೋಡಿದರು. ಸೋರಿದ ಗುರುತಿಲ್ಲ. ಬೆರಳಿನಿಂದ ತಟ್ಟಿದರು. ಖಾಲಿ ಕೊಡದ ಸದ್ದು.

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಗಾಡಿ ಹನ್ನೆರಡು ದಿನ ಎಲ್ಲಿ ನಿಂತಿತ್ತು ಎಂದು ಮಾತ್ರ ಕೇಳಿದರು. ಕೇಳಿ ಹುಲಿಗೆಪ್ಪ ಮಾವನ ಕೈಗಳನ್ನು ನೋಡಿದರು. ಮಾವ ಕಾಂಕ್ರೀಟ್ ಕಲಸುವ ಮಷಿನ್ ನಡೆಸುವವನು. ಅದು ಡೀಸೆಲ್ ಕುಡಿಯುವ ಮಷಿನ್. ಅವನ ಉಗುರಿನಲ್ಲಿ ಕರಿ, ಮನೆಯಲ್ಲಿ ಕ್ಯಾನು, ಎಣ್ಣೆ ಎಳೆಯುವ ಪೈಪು, ಎಲ್ಲ ಇತ್ತು.

ಮಾವ ಮೆಲ್ಲಗೆ ಹೇಳಿದ. "ಸಾಹೇಬ್ರ, ನನ್ನ ಅತ್ತಿ ಇಲ್ಲೇ ಮಲಗ್ಯಾಳ್ರಿ. ಆಕಿ ಮುಂದ ನಿಂತು ಹೇಳಾಕತ್ತೇನಿ. ಒಂದು ಹನಿ ಮುಟ್ಟಿಲ್ರಿ."

"ನಾ ಏನರ ಅಂದ್ನೇನಪಾ?" ಎಂದರು ಸಾಹೇಬರು. ಅನ್ನದೇ ಇದ್ದದ್ದೇ ಹೆಚ್ಚಾಗಿತ್ತು. ಅಕ್ಕ ಗಂಡನನ್ನು ನೋಡಿದಳು. ಒಂದು ಕ್ಷಣ ಅಷ್ಟೇ, ಆದರೆ ಆ ನೋಟದಲ್ಲಿ ಪ್ರಶ್ನೆ ಇತ್ತು. ಮಾವನಿಗೆ ಅದು ತಾಗಿತು. ಅವನು ರಸ್ತೆಯ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತ.

ನಾನು ಹೇಳಿದೆ. ಹೇಗೆ ಹೇಳಿದೆ ಎಂದರೆ, ಬಸ್ಸಿನ ಟಿಕೆಟ್ ಕೇಳುವ ಹಾಗೆ.

"ಇದು ಹನ್ನೆರಡು ಕೊಡಂಗಿಲ್ರಿ ಸಾಹೇಬ್ರ. ಆರು ಪಾಯಿಂಟ್ ಎರಡು ಕೊಡತೈತಿ. ಮೊದಲಿಂದಲೂ ಅಷ್ಟ. ಇನ್ನೂರ ಎಪ್ಪತ್ತು, ನೂರಾ ಎರಡು, ಕೂಡಿಸಿದ್ರ ಮುನ್ನೂರ ಎಪ್ಪತ್ತೆರಡು. ಆರು ಪಾಯಿಂಟ್ ಎರಡರಿಂದ ಭಾಗಿಸ್ರಿ. ಅರವತ್ತು ಲೀಟರ್ ಬರತೈತಿ."

ಮೂರು ವರ್ಷದ ಶನಿವಾರಗಳನ್ನೂ ಕ್ಯಾನನ್ನೂ ಹೇಳಿದೆ. ಸಾಹೇಬರು ಪೂರ್ತಿ ಕೇಳಿದರು. ಕೇಳಿ ನನ್ನ ಭುಜದ ಮೇಲೆ ಕೈ ಇಟ್ಟರು.

"ನಿನ್ನ ಸಂಕಟ ತಿಳೀತದಪಾ. ಆದ್ರ ಮಾವನ್ನ ಉಳಸಲಿಕ್ಕೆ ಇಂಥಾ ಕಥಿ ಕಟ್ಟಬ್ಯಾಡ. ಮಾಲಕನ ಟಾಕಿಗೆ ಡೀಸೆಲ್ ಹಾಕೋ ಡ್ರೈವರ್ ಯಾವ ಲೋಕದಾಗ ಇದ್ದಾನು?"

ನಕ್ಷತ್ರಕ್ಕೆ ಏಣಿ ಹಾಕಿದ್ದೇನೆ ಎಂದಾಗ ನಂಬಿದ ಜನ. ಹಡಗು ಹಿಂದೆ ಸರಿದದ್ದನ್ನು ನಂಬಿದ ಜನ. ಜನ್ಮದಲ್ಲಿ ಒಂದು ಸಣ್ಣ ಅಂಕಿ ಹೇಳಿದರೆ ಅದು ಯಾರ ಗಂಟಲಲ್ಲೂ ಇಳಿಯಲಿಲ್ಲ. ಅಕ್ಕ ಕೂಡ, ತಮ್ಮಾ, ಈಗ ಬ್ಯಾಡೋ ಎಂದಳು. ಸಾಕ್ಷಿ ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳ ಮುಖದ ಮೇಲೆ ಬಟ್ಟೆ ಇತ್ತು.

ಒಂದು ಗಂಟೆ ಯಾವ ಗಾಡಿಯೂ ನಿಲ್ಲಲಿಲ್ಲ. ಹೆಣ ಕಂಡು ಕೆಲವರು ಕೈ ಮುಗಿದು ಮುಂದೆ ಹೋದರು. ಕೊನೆಗೆ ಗೋವಾಕ್ಕೆ ತರಕಾರಿ ಇಳಿಸಿ ಬೆಳಗಾವಿಗೆ ಖಾಲಿ ಹೋಗುತ್ತಿದ್ದ ಒಂದು ಟೆಂಪೋ ನಿಂತಿತು. ಅದರ ಡ್ರೈವರ್ ಲಾಡಸಾಬ, ವಯಸ್ಸಾದ ಮನುಷ್ಯ. ಏನೂ ವಿಚಾರಿಸದೆ ಸೀಟಿನ ಹಿಂದಿನಿಂದ ಒಂದು ಕ್ಯಾನು ತೆಗೆದು ಕೊಟ್ಟ. ಐದು ಲೀಟರ್. ಅದಕ್ಕಿಂತ ಹೆಚ್ಚು ಅವನಲ್ಲಿಯೂ ಇರಲಿಲ್ಲ. ಪಂಪು ಇರುವುದು ಬೆಳಗಾವಿ ಇನ್ನು ಎಂಟು ಕಿಲೋಮೀಟರ್ ಇರುವಾಗ ಎಂದ.

ಐದು ಲೀಟರ್ ಅಂದರೆ ಅರವತ್ತು ಕಿಲೋಮೀಟರ್, ಧಾರಾಳ ಆಯಿತು ಎಂದರು ಸಾಹೇಬರು.

ಆಗ ನನ್ನ ತಲೆಯಲ್ಲಿ ಇದ್ದದ್ದು ಅವ್ವ ಅಲ್ಲ, ಅಕ್ಕ ಅಲ್ಲ, ಹೊತ್ತು ಕೂಡ ಅಲ್ಲ. ಐದು, ಆರು ಪಾಯಿಂಟ್ ಎರಡು. ಮೂವತ್ತೊಂದು. ನಲವತ್ತಾರರಿಂದ ಮೂವತ್ತೊಂದು ಕಳೆದರೆ ಹದಿನೈದು.

ಮಾವನ ಹತ್ತಿರ ಹೋಗಿ ಖಾಲಿ ಕ್ಯಾನು ಅವನ ಕೈಗೆ ಕೊಟ್ಟೆ.

"ಮಾವ, ನೀ ಈ ಟೆಂಪೋದಾಗ ಮುಂದ ಹೋಗು. ಪಂಪಿನಾಗ ಡೀಸೆಲ್ ತಗೊಂಡು ತಿರುಗಿ ಬಾ. 'ಬೆಳಗಾವಿ ಹದಿನೈದು' ಅಂತ ಕಲ್ಲು ಇರತೈತಿ. ಅದರ ಕಡೆ ನಿಂತಿರು. ನಾವು ಅಲ್ಲೇ ಬಂದು ನಿಲ್ಲತೇವಿ. ದಾಟಂಗಿಲ್ಲ."

ಮಾವ ನನ್ನ ಮುಖ ನೋಡಿದ. "ದಾಟಿದ್ರ?"

"ದಾಟಿದ್ರ ನೀ ಕಳ್ಳ, ನಾ ಸುಳ್ಳ."

ಅವನು ಟೆಂಪೋ ಹತ್ತಿದ. ಸಾಹೇಬರು ತಡೆಯಲಿಲ್ಲ. ಬರುತ್ತಾನೆಂಬ ನಂಬಿಕೆಯೂ ಅವರ ಮುಖದಲ್ಲಿ ಇರಲಿಲ್ಲ.

ಡೀಸೆಲ್ ಗಾಡಿ ಒಮ್ಮೆ ಪೂರಾ ಒಣಗಿ ನಿಂತರೆ ಎಣ್ಣೆ ಹಾಕಿದ ಕೂಡಲೇ ಏಳುವುದಿಲ್ಲ. ಪೈಪಿನಲ್ಲಿ ಹೊಕ್ಕ ಗಾಳಿಯನ್ನು ಕೈಪಂಪು ಒತ್ತಿ ಒತ್ತಿ ಹೊರಗೆ ತೆಗೆಯಬೇಕು. ಅರ್ಧ ಗಂಟೆ ಒತ್ತಿದೆ. ಸಾಹೇಬರು ಮೀಟರನ್ನು ಸೊನ್ನೆಗೆ ತಿರುಗಿಸಿದರು.

ಗಾಡಿ ಹೊರಟಿತು. ಒಂದೊಂದೇ ಕಲ್ಲು ಹಿಂದೆ ಹೋಯಿತು. ಸಾಹೇಬರು ಮೀಟರ್ ನೋಡುತ್ತಿದ್ದರು, ಅಕ್ಕ ಸಾಹೇಬರ ಹೆಗಲಿನ ಮೇಲಿಂದ ಬಗ್ಗಿ ಅದನ್ನೇ ನೋಡುತ್ತಿದ್ದಳು. ಅವ್ವನ ಕಡೆ ಯಾರ ಕಣ್ಣೂ ಇರಲಿಲ್ಲ. ಹೆಣದ ಗಾಡಿಯನ್ನು ನಿಧಾನ ಓಡಿಸಬೇಕು, ಓಡಿಸಿದೆ. ಆಕ್ಸಿಲೇಟರ್ ಮೇಲಿನ ಕಾಲು ನನ್ನದೋ ಬೇರೆಯವರದೋ ತಿಳಿಯಲಿಲ್ಲ. ಮೀಟರ್ ಇಪ್ಪತ್ತೈದು ದಾಟಿತು. ಇಪ್ಪತ್ತೆಂಟು. ಎಂಜಿನ್ ಗುಂಯ್ ಎಂದು ಹೊಸದರ ಹಾಗೆ ಓಡುತ್ತಿತ್ತು. ಇಪ್ಪತ್ತೊಂಬತ್ತಕ್ಕೆ ಸಾಹೇಬರು ನನ್ನ ಕಡೆ ತಿರುಗಿ ನೋಡಿದರು.

ಗಾಡಿ 'ಬೆಳಗಾವಿ 15' ಕಲ್ಲಿಗೆ ಮೂತಿ ತಾಗಿಸಿ ನಿಂತಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಂದರಿನಲ್ಲಿ ಹೇಳಿದ್ದೇನೆ, ಊರಲ್ಲಿ ಹೇಳಿದ್ದೇನೆ. ಇಲ್ಲಿ ಬರೆಯುವಾಗ ಖರೇ ಹೇಳುತ್ತೇನೆ: ಕಲ್ಲಿಗೆ ಇನ್ನೂರು ಹೆಜ್ಜೆ ಮೊದಲೇ ನಿಂತಿತು.

ಮುಂದೆ ಕಲ್ಲಿನ ಹತ್ತಿರ ಮಾವ ನಿಂತಿದ್ದ. ಬಿಳಿ ಅಂಗಿ, ಕಾಲ ಬಳಿ ಕ್ಯಾನು. ನಾವು ನಿಂತದ್ದು ಕಂಡು ಕ್ಯಾನನ್ನು ಹೆಗಲಿಗೇರಿಸಿ ನಡೆದು ಬರತೊಡಗಿದ. ಅವಸರ ಮಾಡಲಿಲ್ಲ. ಸಾಹೇಬರು ಬಾಗಿಲು ತೆರೆದು ಇಳಿದು ಎದುರಿಗೆ ನಡೆದರು. ನಡುದಾರಿಯಲ್ಲಿ ಅವನ ಹೆಗಲಿನಿಂದ ಕ್ಯಾನು ಇಳಿಸಿ ತಾವು ಹಿಡಿದರು. ಮಾವ ಬಿಡಲಿಲ್ಲ. ಇಬ್ಬರೂ ಒಂದೇ ಹಿಡಿಕೆಯನ್ನು ಹಿಡಿದುಕೊಂಡು, ಹೆಜ್ಜೆ ಕೂಡದೆ ಬಂದರು. ಸಾಹೇಬರ ಪ್ಯಾಂಟಿನ ಮೇಲೆಲ್ಲ ಡೀಸೆಲ್ ಚೆಲ್ಲಿತ್ತು. ಅಕ್ಕ ಇಳಿದು ಗಂಡನ ಮುಂದೆ ನಿಂತಳು. ನೀರಿನ ಬಾಟಲಿ ಕೊಟ್ಟಳು.

ನಾನು ಮತ್ತೆ ಕೈಪಂಪು ಒತ್ತುತ್ತಿದ್ದೆ. ಸಾಹೇಬರು ಪಕ್ಕದಲ್ಲಿ ಬಂದು ನಿಂತರು.

"ಮೂರು ವರ್ಷ ಯಾಕ ಹಾಕಿದ್ಯೋ?"

"ಹನ್ನೆರಡು ಅಂದಿದ್ದೆನಲ್ರಿ."

ಪಂಪಿನಲ್ಲಿ ಟಾಕಿ ತುಂಬಿಸಿದೆವು. ಅಕ್ಕ ಆಗ ನಿಲ್ಲಬಾರದು ಎನ್ನಲಿಲ್ಲ.

ಊರು ಮುಟ್ಟಿದಾಗ ಸೂರ್ಯ ಒಂದು ಮಾರು ಮೇಲಿದ್ದ. ಸಾಮಾನ್ಯವಾಗಿ ಇಂಥ ಕಡೆ ನಾನು ಸೂರ್ಯನನ್ನು ನನ್ನ ಸಲುವಾಗಿ ಒಂದು ಗಂಟೆ ನಿಲ್ಲಿಸುತ್ತೇನೆ. ಅವತ್ತು ಅವನು ತನ್ನಷ್ಟಕ್ಕೆ ಇದ್ದ. ಕುಣಿ ತೋಡಿ ಕಾಯುತ್ತಿದ್ದರು. ಅಪ್ಪನ ಮಗ್ಗುಲಿಗೆ ಅವ್ವನನ್ನು ಇಳಿಸಿದೆವು. ಮಣ್ಣು ಹಾಕುವಾಗ ಕೈಗೆ ಮಣ್ಣು ತಣ್ಣಗಿತ್ತೆಂದು ಗೊತ್ತಾಯಿತು. ಬೆಳಗಿನಿಂದ ಗೊತ್ತಾದದ್ದು ಅದೊಂದೇ. ಎಲ್ಲ ಮುಗಿದು ಕೈಕಾಲು ತೊಳೆಯುತ್ತಿದ್ದಾಗ ದೂರದ ಸಂಬಂಧಿಯೊಬ್ಬ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದು, ಭಾಳ ದೊಡ್ಡದೈತಿ, ಎಷ್ಟು ಕೊಡತೈತಿ ಎಂದು ಕೇಳಿದ. ಸಾಹೇಬರು, ಮಾವ, ಅಕ್ಕ ಮೂವರೂ ನನ್ನನ್ನೇ ನೋಡಿದರು. ಆರು ಅಂದೆ. ಆ ಮನುಷ್ಯ ನಕ್ಕ. ನಾಳೆ ತಾನು ಎಲ್ಲಿ ಗಾಡಿ ಕೇಳುತ್ತಾನೋ ಎಂದು ಇವನು ಕಡಿಮೆ ಹೇಳುತ್ತಾನೆ ಎಂದ.

ಕೆಲಸ ಹೋಗಲಿಲ್ಲ. ಸಾಹೇಬರು ಹೊಸ ಡೈರಿ ಕೊಂಡು ಮೊದಲ ಪುಟದಲ್ಲಿ 6.2 ಎಂದು ಬರೆದರು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಮುಳ್ಳನ್ನೂ ರಿಪೇರಿ ಮಾಡಿಸಿದರು. ಮಾವ ಈ ಮಾತನ್ನು ಗುಡ್ಡದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು?

ಅವ್ವನ ದಿನಗಳೆಲ್ಲ ಮುಗಿದ ಮೇಲಿನ ಮೊದಲ ಶನಿವಾರ ಗಾಡಿ ತೊಳೆಸಿ ಬಿಟ್ಟು ಬಂದೆ. ಅಂದು ಕ್ಯಾನಿನ ಕೆಲಸ ಇರಲಿಲ್ಲ, ಆದರೂ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಬಾಗಿಲಲ್ಲಿ ಅದನ್ನು ಇಟ್ಟು ನಿಂತೆ. ಇನ್ನೂ ಬಿಸಿಲಿತ್ತು, ಮಂಚದ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತು ಕಾದೆ.

"ಆರು ಪಾಯಿಂಟ್ ಮೂರು," ಎಂದೆ.

ತೆಳ್ಳನೆಯ ಗೋಡೆ. ಆಚೆಯಿಂದ ಚಾಂದಿಬಾಯಿ, "ಏನಂದ್ಯೋ ಗುರುಲಿಂಗ?" ಎಂದು ಕೂಗಿ ಕೇಳಿದಳು.

"ಹನ್ನೆರಡು ಅಂದ್ನಿ ಬೇ. ಈ ವಾರ ಗಾಡಿ ಹನ್ನೆರಡು ಕೊಟ್ಟೈತಿ."